ಒಂದೇ ಪದ, ಹತ್ತಾರು ಅರ್ಥ: ಇಂಗ್ಲಿಷ್ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಯುವವರನ್ನು ದೊಡ್ಡ ದೊಡ್ಡ ಪದಗಳು ಅಷ್ಟಾಗಿ ಕಾಡುವುದಿಲ್ಲ. ಅವಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ. ನಿಘಂಟು ತೆಗೆದರೆ ಮುಗಿಯಿತು. ಕಾಡುವುದು 'ಗೆಟ್', 'ಸೆಟ್', 'ರನ್', 'ಟೇಕ್' ಥರದ ಪುಟ್ಟ ಪದಗಳು. ಗೊತ್ತಿದೆ ಅಂದುಕೊಂಡ ಪದವೇ ವಾಕ್ಯದೊಳಗೆ ಬೇರೇನೋ ಹೇಳುತ್ತಿರುತ್ತದೆ. ಈ ಬಗ್ಗೆ ಜಾಸ್ತಿ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಯಾವುದು?

ಬಹಳ ಕಾಲ ಇದಕ್ಕೆ 'ಸೆಟ್' ಅಂತಲೇ ಉತ್ತರ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ಅದಕ್ಕೆ 430 ಅರ್ಥಗಳಿದ್ದವು. ಆ ಒಂದು ಪದದ ವಿವರಣೆಯೇ ಸುಮಾರು 60,000 ಪದಗಳಷ್ಟು ಉದ್ದ. ಒಂದು ಸಣ್ಣ ಕಾದಂಬರಿಯಷ್ಟಾಯಿತು.

ಈಗ ಆ ಪಟ್ಟ 'ರನ್'ಗೆ ಸಿಕ್ಕಿದೆ. ಅದೇ ನಿಘಂಟನ್ನು ಪರಿಷ್ಕರಿಸುವಾಗ ಸಂಪಾದಕ ಪೀಟರ್ ಗಿಲಿವರ್ ಈ ಒಂದು ಪದದ ಮೇಲೆ ಸುಮಾರು ಒಂಬತ್ತು ತಿಂಗಳು ಕೆಲಸ ಮಾಡಿದರು. ಕ್ರಿಯಾಪದವಾಗಿ ಮಾತ್ರವೇ ಅದಕ್ಕೆ 645 ಅರ್ಥ ಸಿಕ್ಕವು. 2011ರಲ್ಲಿ ಇದು ಸುದ್ದಿಯಾಯಿತು. ನಾಮಪದವಾದ 'ರನ್', ಅಂದರೆ ಕ್ರಿಕೆಟ್‌ನ ರನ್ ಇತ್ಯಾದಿ, ಈ ಲೆಕ್ಕದಲ್ಲಿ ಇಲ್ಲ.

645 ಅಂದರೆ ಉತ್ಪ್ರೇಕ್ಷೆ ಅಲ್ವಾ?

ಅದು ಎಣಿಸುವವರ ಮೇಲೆ ಹೋಗುತ್ತದೆ. ನೀರು 'ರನ್' ಆಗುವುದು, ಮೂಗು 'ರನ್' ಆಗುವುದು, ಬಟ್ಟೆಯ ಬಣ್ಣ 'ರನ್' ಆಗುವುದು ಮೂರೂ ಒಂದೇ ಅರ್ಥವೋ, ಮೂರು ಅರ್ಥವೋ? ಮೂರರಲ್ಲೂ ಇರುವುದು 'ಹರಿ' ಅನ್ನುವ ಭಾವ. ಒಬ್ಬ ನಿಘಂಟುಕಾರ ಅವನ್ನು ಒಟ್ಟಿಗೆ ಕಟ್ಟುತ್ತಾನೆ. ಇನ್ನೊಬ್ಬ ಮೂರು ಸಾಲು ಮಾಡುತ್ತಾನೆ. ಆಕ್ಸ್‌ಫರ್ಡ್‌ನವರು ಬಿಡಿಸುವ ಗುಂಪಿನವರು. ಹಡಗಿಗೆ, ದಾರಕ್ಕೆ, ಲೇವಾದೇವಿಗೆ, ಎಲ್ಲಕ್ಕೂ ಬೇರೆ ಬೇರೆ ಸಾಲು ಕೊಡುತ್ತಾರೆ. ನೂರಾರು ವರ್ಷಗಳ ಹಿಂದೆಯೇ ಬಿಟ್ಟುಹೋದ ಬಳಕೆಗಳನ್ನೂ ಸೇರಿಸುತ್ತಾರೆ.

ದಿನನಿತ್ಯಕ್ಕೆ 'ರನ್'ನ ಆರೇಳು ಅರ್ಥ ಸಾಕು: ಓಡು, ಹರಿ, ಯಂತ್ರ ಅಥವಾ ಪ್ರೋಗ್ರಾಂ ನಡೆ, ಸಂಸ್ಥೆ ನಡೆಸು, ರಸ್ತೆ ಹಾದುಹೋಗು, ಪತ್ರಿಕೆ ಸುದ್ದಿ ಹಾಕು, ಚುನಾವಣೆಗೆ ನಿಲ್ಲು. ಕೊನೆಯದರಲ್ಲಿ ಒಂದು ತಮಾಷೆ ಇದೆ. ಅಮೆರಿಕನ್ನರು ಚುನಾವಣೆಗೆ ಓಡುತ್ತಾರೆ. ಬ್ರಿಟಿಷರು ನಮ್ಮ ಹಾಗೇ ಚುನಾವಣೆಗೆ ನಿಲ್ಲುತ್ತಾರೆ.

'ಬ್ಯಾಂಕ್' ಅಂದರೆ ಹಣದ ಬ್ಯಾಂಕೂ ಹೌದು, ನದಿಯ ದಡವೂ ಹೌದು. ಇವೆರಡಕ್ಕೂ ಏನು ಸಂಬಂಧ?

ಬಳಕೆಯಲ್ಲಿ ಏನೂ ಇಲ್ಲ. ಇಲ್ಲೊಂದು ಮುಖ್ಯವಾದ ವ್ಯತ್ಯಾಸ ತಿಳಿದುಕೊಳ್ಳಬೇಕು. ಕೆಲವು ಸಲ ಒಂದೇ ಪದಕ್ಕೆ ಕೊಂಬೆಗಳು ಒಡೆದಿರುತ್ತವೆ. ಇನ್ನು ಕೆಲವು ಸಲ ಎರಡು ಬೇರೆ ಪದಗಳು ಉಚ್ಚಾರಣೆ ಸವೆದೂ ಸವೆದೂ ಒಂದೇ ರೂಪಕ್ಕೆ ಬಂದು ನಿಂತಿರುತ್ತವೆ.

ದಡದ 'ಬ್ಯಾಂಕ್' ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದದ್ದು. ಹಣದ 'ಬ್ಯಾಂಕ್' ಇಟಲಿ, ಫ್ರಾನ್ಸ್ ದಾರಿಯಲ್ಲಿ ಬಂದದ್ದು. ಅದರ ಮೂಲ ಲೇವಾದೇವಿಯವರು ಕೂರುತ್ತಿದ್ದ ಬೆಂಚು. ಬಹಳ ಹಿಂದಕ್ಕೆ ಹೋದರೆ ಎರಡೂ ಒಂದೇ ಜರ್ಮ್ಯಾನಿಕ್ ಬೇರಿಗೆ ಮುಟ್ಟುತ್ತವೆ. ಆದರೆ ಇಂಗ್ಲಿಷಿಗೆ ಬಂದದ್ದು ಎರಡು ಬೇರೆ ಬಾಗಿಲಿನಿಂದ. 'ಬೇರ್' ಕೂಡ ಹೀಗೇ. ಕರಡಿ ಅನ್ನುವ 'ಬೇರ್' ಬೇರೆ, ಹೊರು ಅಥವಾ ಸಹಿಸು ಅನ್ನುವ 'ಬೇರ್' ಬೇರೆ. ಬೆಂಕಿಕಡ್ಡಿಯ 'ಮ್ಯಾಚ್' ಫ್ರೆಂಚ್‌ನಲ್ಲಿ ಬತ್ತಿ ಅನ್ನುವ ಪದದಿಂದ ಬಂದರೆ, ಜೋಡಿ ಮತ್ತು ಪಂದ್ಯದ 'ಮ್ಯಾಚ್' ಹಳೆಯ ಇಂಗ್ಲಿಷಿನದು.

ಇದಕ್ಕೆ ಎದುರು 'ಸ್ಪ್ರಿಂಗ್' ನೋಡಿ. ವಸಂತಕಾಲ, ನೀರಿನ ಒರತೆ, ಸುರುಳಿ ಕಂಬಿ, ಜಿಗಿತ. ನಾಲ್ಕೂ ಎಲ್ಲಿಂದ ಎಲ್ಲಿಗೋ ಅನ್ನಿಸುತ್ತದೆ. ಆದರೆ ಹಳೆಯ ಇಂಗ್ಲಿಷ್‌ನ 'ಸ್ಪ್ರಿಂಗನ್' ಅಂದರೆ ಚಿಮ್ಮು. ನೆಲದಿಂದ ನೀರು ಚಿಮ್ಮಿದರೆ ಒರತೆ. ಚಿಗುರು ಚಿಮ್ಮುವ ಕಾಲ ವಸಂತ. ಅದುಮಿ ಬಿಟ್ಟರೆ ಚಿಮ್ಮುವುದು ಸುರುಳಿ. ಇದು ಒಂದೇ ಪದ.

'ಪ್ಯೂಪಿಲ್' ಇನ್ನೂ ಚೆಂದ. ವಿದ್ಯಾರ್ಥಿಗೂ ಕಣ್ಣಿನ ಪಾಪೆಗೂ ಒಂದೇ ಹೆಸರು. ಎರಡರ ಹಿಂದೆಯೂ ಮಗು, ಗೊಂಬೆ ಅನ್ನುವ ಲ್ಯಾಟಿನ್ ಪದ ಇದೆ. ಇನ್ನೊಬ್ಬರ ಕಣ್ಣೊಳಗೆ ಹತ್ತಿರದಿಂದ ನೋಡಿದರೆ ನಿಮ್ಮದೇ ಪುಟ್ಟ ಪ್ರತಿಬಿಂಬ ಗೊಂಬೆಯಂತೆ ಕಾಣುತ್ತದಲ್ಲ, ಅದೇ ಕಾರಣ. ಕನ್ನಡದಲ್ಲೂ ಅದನ್ನು ಕಣ್ಣುಗೊಂಬೆ ಅನ್ನುತ್ತೇವೆ.

ಒಂದೇ ಪದದ ಕೊಂಬೆಗಳೋ, ಎರಡು ಬೇರೆ ಪದಗಳೋ ಅಂತ ನಿಘಂಟಿನಲ್ಲಿ ಗೊತ್ತಾಗುತ್ತದಾ?

ಹೆಚ್ಚಿನ ದೊಡ್ಡ ನಿಘಂಟುಗಳಲ್ಲಿ ಗೊತ್ತಾಗುತ್ತದೆ. ಬೇರೆ ಪದಗಳಾದರೆ ಪ್ರತ್ಯೇಕ ನಮೂದು ಇರುತ್ತದೆ. ತಲೆಪದದ ಪಕ್ಕದಲ್ಲಿ ಮೇಲೆ ಪುಟ್ಟದಾಗಿ 1, 2 ಅಂತ ಅಂಕೆ ಇರುತ್ತದೆ. ಒಂದೇ ಪದದ ಅರ್ಥಗಳಾದರೆ ಒಂದೇ ನಮೂದಿನ ಕೆಳಗೆ ಸಾಲಾಗಿ ಬರುತ್ತವೆ. ಕಲಿಯುವವರಿಗಾಗಿ ಮಾಡಿದ ಕೆಲವು ನಿಘಂಟುಗಳು ಮಾತ್ರ ಸುಮ್ನೆ ಗೊಂದಲ ಬೇಡ ಅಂತ ಎಲ್ಲವನ್ನೂ ಒಂದೇ ಕಡೆ ಹಾಕುತ್ತವೆ.

ಪ್ರತಿ ಅರ್ಥಕ್ಕೂ ಹೊಸ ಪದ ಮಾಡಿಕೊಳ್ಳಬಹುದಿತ್ತಲ್ಲ? ಯಾಕೆ ಮಾಡಲಿಲ್ಲ?

ಮಾಡಿದ್ದರೆ ನೆನಪಿಡುವವರು ಯಾರು? ಇರುವ ಪದವನ್ನೇ ಸ್ವಲ್ಪ ಎಳೆದು ಬಳಸುವುದು ಎಲ್ಲ ಭಾಷೆಗಳ ರೂಢಿ. ರಾಬರ್ಟ್ ಹುಕ್ 1665ರಲ್ಲಿ ಸೂಕ್ಷ್ಮದರ್ಶಕದಡಿ ಬಿರಡೆಯ ತೆಳು ಪದರ ಇಟ್ಟು ನೋಡಿದ. ಸಾಲು ಸಾಲು ಪುಟ್ಟ ಗೂಡುಗಳು ಕಂಡವು. 'ಸೆಲ್' ಅಂತ ಕರೆದ. ಅಷ್ಟರವರೆಗೆ ಆ ಪದಕ್ಕೆ ಸಣ್ಣ ಕೋಣೆ ಅಂತ ಅರ್ಥ. ಜೀವಕೋಶ ಬಂದ ಮೇಲೂ ಜೈಲಿನ 'ಸೆಲ್' ಹೋಗಲಿಲ್ಲ. ಆಮೇಲೆ ಬ್ಯಾಟರಿಯ 'ಸೆಲ್' ಸೇರಿತು, ಸ್ಪ್ರೆಡ್‌ಶೀಟ್‌ನ 'ಸೆಲ್' ಸೇರಿತು. ಯಾರಿಗೂ ತೊಂದರೆ ಆಗಲಿಲ್ಲ.

ಆದರೆ ಇಂಗ್ಲಿಷಿಗೆ ಅದರದೇ ಆದ ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಹಳೆಯ ಇಂಗ್ಲಿಷಿನಲ್ಲಿ ಪ್ರೀತಿ ಅನ್ನುವ ನಾಮಪದ 'ಲುಫು'. ಪ್ರೀತಿಸು ಅನ್ನುವುದು 'ಲುಫಿಯನ್'. ಬಾಲ ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತಿತ್ತು. ಕಾಲ ಕಳೆದಂತೆ ಆ ಬಾಲಗಳು ಉದುರಿಹೋದವು. ಎರಡೂ 'ಲವ್' ಆದವು. ಅಲ್ಲಿಂದ ಮುಂದೆ ಯಾವ ನಾಮಪದವನ್ನಾದರೂ ಹಾಗೇ ಎತ್ತಿ ಕ್ರಿಯಾಪದ ಮಾಡಲು ಅಡ್ಡಿಯೇ ಉಳಿಯಲಿಲ್ಲ.

ಬರೀ ದೇಹದ ಭಾಗಗಳನ್ನೇ ತೆಗೆದುಕೊಳ್ಳಿ. 'ಹೆಡ್' ಅಂದರೆ ಮುನ್ನಡೆಸು. 'ಫೇಸ್' ಅಂದರೆ ಎದುರಿಸು. 'ಐ' ಅಂದರೆ ಕಣ್ಣಿಡು. 'ಶೋಲ್ಡರ್' ಅಂದರೆ ಹೊಣೆ ಹೊರು. 'ಹ್ಯಾಂಡ್' ಅಂದರೆ ಕೈಗೆ ಕೊಡು. 'ಬ್ಯಾಕ್' ಅಂದರೆ ಬೆಂಬಲಿಸು. 'ಸ್ಟಮಕ್' ಅಂದರೆ ಸಹಿಸಿಕೊ. 'ಫುಟ್' ಅಂದರೆ ಬಿಲ್ಲಿನ ಹಣ ಕಟ್ಟು. ತಲೆಯಿಂದ ಕಾಲಿನವರೆಗೆ ಎಲ್ಲವೂ ಕ್ರಿಯಾಪದವೇ. ಕನ್ನಡದಲ್ಲಿ ಹೀಗೆ ಮಾಡಬೇಕಾದರೆ ಸಾಮಾನ್ಯವಾಗಿ 'ಇಸು' ಸೇರಿಸಬೇಕು, ಇಲ್ಲವೇ 'ಮಾಡು', 'ಹಾಕು' ಅಂತ ಏನಾದರೂ ಅಂಟಿಸಬೇಕು.

ಚಿಕ್ಕ, ಸಾಮಾನ್ಯ ಪದಗಳಿಗೇ ಯಾಕೆ ಜಾಸ್ತಿ ಅರ್ಥ?

ಹೆಚ್ಚು ಬಳಕೆಯಾಗುವುದರಿಂದ. ಅಮೆರಿಕದ ಭಾಷಾತಜ್ಞ ಜಾರ್ಜ್ ಜಿಫ್ 1945ರಲ್ಲಿ ಇದನ್ನು ಲೆಕ್ಕವಾಗಿ ತೋರಿಸಿದರು. ಪದದ ಅರ್ಥಗಳ ಸಂಖ್ಯೆ ಅದರ ಬಳಕೆಯ ವರ್ಗಮೂಲದ ಜೊತೆ ಏರುತ್ತದೆ. ಅಂದರೆ ಒಂದು ಪದ ಇನ್ನೊಂದಕ್ಕಿಂತ ನೂರು ಪಟ್ಟು ಹೆಚ್ಚು ಬಳಕೆಯಲ್ಲಿದ್ದರೆ, ಅದಕ್ಕೆ ಸುಮಾರು ಹತ್ತು ಪಟ್ಟು ಹೆಚ್ಚು ಅರ್ಥ ಇರುತ್ತದೆ. ಪ್ರತಿ ಪದಕ್ಕೂ ಕರಾರುವಾಕ್ಕಾಗಿ ಹೊಂದುವ ಸೂತ್ರ ಇದಲ್ಲ, ಒಟ್ಟಾರೆ ನೋಡಿದಾಗ ಕಾಣುವ ಒಲವು.

ಇಂಗ್ಲಿಷ್ ಮನೆಮಾತಾಗಿರುವವರಿಗೆ ಗೊಂದಲ ಆಗುವುದಿಲ್ವಾ?

ಆಗುತ್ತದೆ, ಆದರೆ ಅವರಿಗೇ ತಿಳಿಯದಷ್ಟು ಬೇಗ ಬಗೆಹರಿಯುತ್ತದೆ. 1979ರಲ್ಲಿ ಮನೋವಿಜ್ಞಾನಿ ಡೇವಿಡ್ ಸ್ವಿನ್ನಿ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೇಳುಗರಿಗೆ ಒಂದು ಕಥೆ ಕೇಳಿಸಿದರು. ಕೋಣೆಯ ಮೂಲೆಯಲ್ಲಿ ಜೇಡ, ಜಿರಲೆ, ಮತ್ತೆ ಬೇರೆ 'ಬಗ್ಸ್' ಸಿಕ್ಕವು ಅಂತ. 'ಬಗ್' ಅಂದರೆ ಹುಳುವೂ ಹೌದು, ಕದ್ದು ಕೇಳುವ ಉಪಕರಣವೂ ಹೌದು. ಇಲ್ಲಿ ಜೇಡ, ಜಿರಲೆ ಇರುವುದರಿಂದ ಹುಳು ಅನ್ನುವುದು ಸ್ಪಷ್ಟ.

ಆ ಪದ ಕಿವಿಗೆ ಬಿದ್ದ ಕೂಡಲೇ ಪರದೆಯ ಮೇಲೆ ಒಂದು ಪದ ತೋರಿಸಿದರು. 'ಇರುವೆ' ಬಂದರೂ ಬೇಗ ಗುರುತಿಸಿದರು, 'ಗೂಢಚಾರ' ಬಂದರೂ ಬೇಗ ಗುರುತಿಸಿದರು. ಅಂದರೆ ಎರಡೂ ಅರ್ಥ ತಲೆಯಲ್ಲಿ ಎದ್ದಿದ್ದವು. ಇನ್ನು ಮೂರು ಉಚ್ಚಾರಾಂಶ ದಾಟಿದ ಮೇಲೆ ತೋರಿಸಿದಾಗ 'ಇರುವೆ'ಗೆ ಮಾತ್ರ ಆ ಚುರುಕು ಉಳಿದಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಬೇಡದ ಅರ್ಥ ಮರೆಗೆ ಸರಿದಿತ್ತು.

ಕಲಿಯುವವರಿಗೆ ಈ ಆಯ್ಕೆಯೇ ನಿಧಾನ. ಗೊತ್ತಿರುವುದು ಒಂದೇ ಅರ್ಥ ಆಗಿದ್ದರೆ ಆಯ್ಕೆಯೇ ಇಲ್ಲ. ಇರುವ ಒಂದನ್ನೇ ಎಳೆದು ಹೊಂದಿಸಲು ಹೋಗಿ ವಾಕ್ಯವೇ ಕೆಡುತ್ತದೆ.

ಒಂದೇ ಪದಕ್ಕೆ ಪೂರ್ತಿ ಉಲ್ಟಾ ಅರ್ಥ ಇರುವುದೂ ಉಂಟಾ?

ಉಂಟು. 'ಡಸ್ಟ್' ಅಂದರೆ ಧೂಳು ಒರೆಸು. ಪುಡಿ ಉದುರಿಸು ಅಂತಲೂ ಆಗುತ್ತದೆ. 'ಸೀಡ್' ಅಂದರೆ ಬೀಜ ಹಾಕು, ಬೀಜ ತೆಗೆ ಎರಡೂ ಹೌದು. 'ಸ್ಯಾಂಕ್ಷನ್' ಅಂದರೆ ಒಪ್ಪಿಗೆ, ದೇಶಗಳ ಮೇಲೆ ಹೇರಿದರೆ ದಂಡನೆ. 'ಓವರ್‌ಸೈಟ್' ಅಂದರೆ ಮೇಲ್ವಿಚಾರಣೆ, ಕಣ್ತಪ್ಪೂ ಹೌದು. ಕಚೇರಿ ಪತ್ರದಲ್ಲಿ ಈ ಕೊನೆಯದನ್ನು ಬಳಸುವಾಗ ಹುಷಾರಾಗಿರಬೇಕು. ಯಾರೋ ಹಿರಿಯರ 'ಓವರ್‌ಸೈಟ್' ಅಂತ ಬರೆದರೆ ಹೊಗಳಿದ್ದೋ ದೂರಿದ್ದೋ ತಿಳಿಯುವುದಿಲ್ಲ.

'ಲೆಫ್ಟ್' ಕೂಡ ಈ ಗುಂಪಿಗೇ ಸೇರುತ್ತದೆ. 'ಹು ಲೆಫ್ಟ್?' ಅಂದರೆ ಯಾರು ಹೋದರು. 'ಹು ಈಸ್ ಲೆಫ್ಟ್?' ಅಂದರೆ ಯಾರು ಉಳಿದರು. ನಡುವೆ ಒಂದು 'ಈಸ್' ಅಷ್ಟೇ.

'ಫಾಸ್ಟ್' ಮೊದಲು ಗಟ್ಟಿಯಾದ, ಕದಲದ ಅನ್ನುವ ಅರ್ಥದ ಪದ. ಗಾಢ ನಿದ್ದೆಗೆ 'ಫಾಸ್ಟ್ ಅಸ್ಲೀಪ್' ಅನ್ನುವುದು ಅದಕ್ಕೇ. ಗಟ್ಟಿಯಾಗಿ, ಬಲವಾಗಿ ಓಡು ಅನ್ನುವಲ್ಲಿಂದ ವೇಗವಾಗಿ ಅನ್ನುವ ಅರ್ಥ ಹುಟ್ಟಿತು. 'ಕ್ಲೀವ್' ಮಾತ್ರ ಬೇರೆ ಕಥೆ. ಸೀಳು ಅನ್ನುವುದು ಒಂದು ಹಳೆಯ ಪದ, ಅಂಟಿಕೊ ಅನ್ನುವುದು ಇನ್ನೊಂದು. ಎರಡೂ ಸವೆದು ಒಂದಾದವು.

ಇವುಗಳಲ್ಲಿ ನಿಜವಾದ ಜಗಳ ತಂದದ್ದು 'ಟೇಬಲ್'. ಸಭೆಯಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡುವುದೆಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚೆಗೆ ಇಡುವುದು. ಅಮೆರಿಕದಲ್ಲಿ ಪಕ್ಕಕ್ಕೆ ಇಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾ ಅಧಿಕಾರಿಗಳು ಸೇರಿದಾಗ ಈ ಪದದಿಂದ ದೊಡ್ಡ ವಾದವೇ ನಡೆಯಿತು, ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಅಂತ ತಡವಾಗಿ ಗೊತ್ತಾಯಿತು ಎಂದು ವಿನ್‌ಸ್ಟನ್ ಚರ್ಚಿಲ್ ಬರೆದಿದ್ದಾರೆ.

ಬ್ರಿಟಿಷ್, ಅಮೆರಿಕನ್ ಅರ್ಥ ಬೇರೆಯಾಗುವ ಬೇರೆ ಪದಗಳು?

ತುಂಬ ಇವೆ. ಎಡವಟ್ಟಾಗಬಹುದಾದ ಕೆಲವು ಮಾತ್ರ ಹೇಳುತ್ತೇನೆ. 'ಫಸ್ಟ್ ಫ್ಲೋರ್' ಬ್ರಿಟನ್ನಿನಲ್ಲಿ ನೆಲಮಾಳಿಗೆಯ ಮೇಲಿನದಲ್ಲ, ನೆಲದ ಮಟ್ಟದ ಅಂತಸ್ತಿನ ಮೇಲಿನದು. ಅಮೆರಿಕದಲ್ಲಿ ನೆಲದ ಮಟ್ಟದ ಅಂತಸ್ತೇ. 'ಪ್ಯಾಂಟ್ಸ್' ಬ್ರಿಟನ್ನಿನಲ್ಲಿ ಒಳಉಡುಪು. 'ಕ್ವೈಟ್ ಗುಡ್' ಅಂತ ಅಮೆರಿಕದವರು ಹೇಳಿದರೆ ಸಾಮಾನ್ಯವಾಗಿ ನಿಜವಾಗಿಯೂ ಚೆನ್ನಾಗಿದೆ ಅಂತ. ಬ್ರಿಟಿಷರು ಹೇಳಿದರೆ ಪರವಾಗಿಲ್ಲ ಅನ್ನುವಷ್ಟೇ ಆಗಿರಬಹುದು, ಧಾಟಿ ನೋಡಿಕೊಳ್ಳಬೇಕು.

ಹಳೆಯ ಬ್ರಿಟಿಷ್ ಪುಸ್ತಕ ಓದುವವರು 'ಬಿಲಿಯನ್' ನೋಡಿದಾಗ ಸ್ವಲ್ಪ ನಿಲ್ಲಬೇಕು. ಅಲ್ಲಿ ಅದು ಒಂದರ ಮುಂದೆ 12 ಸೊನ್ನೆ, ಅಂದರೆ ಲಕ್ಷ ಕೋಟಿ. ಅಮೆರಿಕದಲ್ಲಿ 9 ಸೊನ್ನೆ, ನೂರು ಕೋಟಿ. 1974ರಲ್ಲಿ ಬ್ರಿಟಿಷ್ ಸರ್ಕಾರ ಅಮೆರಿಕದ ಲೆಕ್ಕಕ್ಕೆ ಬಂತು. ಈಗ ಇಂಗ್ಲಿಷಿನಲ್ಲಿ ಎಲ್ಲೆಡೆ ನೂರು ಕೋಟಿಯೇ.

ಬರೆಯುವುದು ಒಂದೇ, ಓದುವುದು ಬೇರೆ. ಇದಕ್ಕೇನಾದರೂ ನಿಯಮ ಇದೆಯಾ?

ಅರ್ಧಕ್ಕೆ ಇದೆ, ಅರ್ಧಕ್ಕೆ ಇಲ್ಲ. ನಿಯಮ ಇಲ್ಲದವು: ಮುನ್ನಡೆಸು ಅಂದರೆ 'ಲೀಡ್', ಸೀಸ ಅಂದರೆ 'ಲೆಡ್'. ಕಣ್ಣೀರು 'ಟಿಯರ್', ಹರಿದುಹಾಕು 'ಟೇರ್'. ಗಾಳಿ 'ವಿಂಡ್', ಸುತ್ತು 'ವೈಂಡ್'. ಸಮಯದ 'ಮಿನಿಟ್', ಅತಿ ಸಣ್ಣ ಅನ್ನುವ 'ಮೈನ್ಯೂಟ್'. ಬಿಲ್ಲು 'ಬೋ', ತಲೆಬಾಗು 'ಬೌ'. ಪ್ರತಿ ಜೋಡಿಯಲ್ಲೂ ಕಾಗುಣಿತ ಒಂದೇ.

ನಿಯಮ ಇರುವವು: 'ರೆಕಾರ್ಡ್', 'ಪ್ರೆಸೆಂಟ್', 'ಆಬ್ಜೆಕ್ಟ್' ಥರದ ಎರಡು ಉಚ್ಚಾರಾಂಶದ ಪದಗಳು. ನಾಮಪದವಾದರೆ ಮೊದಲ ಭಾಗಕ್ಕೆ ಒತ್ತು, ಕ್ರಿಯಾಪದವಾದರೆ ಎರಡನೆಯದಕ್ಕೆ. 'ಆಬ್ಜೆಕ್ಟ್'ನಲ್ಲಿ ಮೊದಲು ಒತ್ತಿದರೆ ವಸ್ತು, ಕೊನೆಗೆ ಒತ್ತಿದರೆ ಆಕ್ಷೇಪಿಸು. ಕನ್ನಡ ಲಿಪಿಯಲ್ಲಿ ಬರೆದರೆ ಈ ಒತ್ತು ಕಾಣುವುದೇ ಇಲ್ಲ, ಕಿವಿಯಿಂದಲೇ ಕಲಿಯಬೇಕು.

'ಪುಟ್ ಆಫ್', 'ಟೇಕ್ ಆಫ್' ಥರದವು ಯಾಕಿಷ್ಟು ಕಷ್ಟ?

ಬಿಡಿಸಿ ನೋಡಿದರೆ ಅರ್ಥ ಸಿಗುವುದಿಲ್ಲ, ಅದಕ್ಕೇ. 'ಪುಟ್' ಇಡು, 'ಅಪ್' ಮೇಲೆ, 'ವಿತ್' ಜೊತೆ. ಮೂರೂ ಸೇರಿದರೆ ಸಹಿಸಿಕೊ! 'ಪುಟ್ ಆಫ್' ಮುಂದೂಡು. 'ಪುಟ್ ಔಟ್' ಬೆಂಕಿ ಆರಿಸು. ಒಂದೊಂದು ಜೋಡಿಗೂ ಮತ್ತೆ ಹಲವು ಅರ್ಥ. 'ಟೇಕ್ ಆಫ್' ಅಂದರೆ ವಿಮಾನ ಏರುತ್ತದೆ, ಅಂಗಿ ಕಳಚುತ್ತಾರೆ, ರಜೆ ಹಾಕುತ್ತಾರೆ, ವ್ಯಾಪಾರ ಕುದುರುತ್ತದೆ. 'ಮೇಕ್ ಅಪ್' ಅಂದರೆ ಬಣ್ಣ ಹಚ್ಚಿಕೊ, ಕಥೆ ಕಟ್ಟು, ಜಗಳವಾಡಿ ರಾಜಿಯಾಗು. ಇವನ್ನು ಎರಡು ಪದ ಅಂತ ನೋಡದೆ ಒಂದೇ ಪದ ಅಂತ ನೋಡಿ. ನಿಘಂಟಿನಲ್ಲೂ ಜೋಡಿಯನ್ನೇ ಹುಡುಕಿ.

ವಿಜ್ಞಾನದ ಪುಸ್ತಕದಲ್ಲಿ ಮಾಮೂಲಿ ಪದಗಳೇ ಬೇರೆ ಅರ್ಥ ಕೊಡುತ್ತವಲ್ಲ?

ಹೌದು. ಇವು ಮಾಮೂಲಿಯಾಗಿ ಕಾಣುವುದರಿಂದಲೇ ಮೋಸ ಮಾಡುತ್ತವೆ. ಭೌತವಿಜ್ಞಾನದ 'ವರ್ಕ್' ಬಲ ಮತ್ತು ಸ್ಥಾನಪಲ್ಲಟದ ಲೆಕ್ಕ. ಭಾರವಾದ ಪೆಟ್ಟಿಗೆ ಹಿಡಿದು ಅಲುಗಾಡದೆ ಒಂದು ಗಂಟೆ ನಿಂತರೂ ಪೆಟ್ಟಿಗೆಯ ಮೇಲೆ ಆದ 'ವರ್ಕ್' ಸೊನ್ನೆ. ತೋಳು ನೋಯುತ್ತದೆ, ಅದು ಬೇರೆ ಮಾತು. 'ಥಿಯರಿ' ಆಡುಮಾತಿನಲ್ಲಿ ಊಹೆ, ವಿಜ್ಞಾನದಲ್ಲಿ ಸಾಕ್ಷ್ಯಗಳ ಮೇಲೆ ನಿಂತ ವಿವರಣೆ. ಅಂಕಿಅಂಶ ಶಾಸ್ತ್ರದ 'ಸಿಗ್ನಿಫಿಕೆಂಟ್' ಅಂದರೆ ಮಹತ್ವದ್ದು ಅಂತಲ್ಲ, ಬರೀ ಆಕಸ್ಮಿಕ ಅನ್ನುವುದು ಕಷ್ಟ ಅಂತ. ತೀರ ಸಣ್ಣ ವ್ಯತ್ಯಾಸವೂ 'ಸಿಗ್ನಿಫಿಕೆಂಟ್' ಆಗಬಹುದು. ಸುದ್ದಿಯಲ್ಲಿ ಈ ಪದವನ್ನು 'ಭಾರೀ' ಅಂತ ಅನುವಾದಿಸಿದರೆ ಓದುಗರಿಗೆ ಅನ್ಯಾಯ. ಇನ್ನು ವೈದ್ಯಕೀಯ ಪರೀಕ್ಷೆಯ 'ಪಾಸಿಟಿವ್' ಸಾಮಾನ್ಯವಾಗಿ ಸಂತೋಷದ ಸುದ್ದಿ ಅಲ್ಲ ಅಂತ ಈಗ ಎಲ್ಲರಿಗೂ ಗೊತ್ತು.

ಪದದ ಅರ್ಥದ ಮೇಲೆ ಕೋರ್ಟಿಗೆ ಹೋದದ್ದುಂಟಾ?

ಬೇಕಾದಷ್ಟು. ಎರಡು ಪ್ರಕರಣ ಹೇಳಲೇಬೇಕು.

ಮೊದಲನೆಯದು 'ಚಿಕನ್'. ಸ್ವಿಟ್ಜರ್ಲೆಂಡಿನ ಒಂದು ಕಂಪನಿ ನ್ಯೂಯಾರ್ಕಿನ ಮಾರಾಟಗಾರರಿಂದ ಎರಡು ತೂಕದ ಕೋಳಿಗಳನ್ನು ತರಿಸಿಕೊಂಡಿತು. ದೊಡ್ಡ ತೂಕದವು ನೋಡಿದರೆ ಬೇಯಿಸಲು ಮಾತ್ರ ಲಾಯಕ್ಕಾದ ಬಲಿತ ಕೋಳಿಗಳು. 'ಚಿಕನ್' ಅಂದರೆ ಎಳೆಯ ಕೋಳಿ ಅಂತ ಕೊಂಡವರು. ಯಾವ ವಯಸ್ಸಿನ ಕೋಳಿಯೂ 'ಚಿಕನ್'ನೇ ಅಂತ ಮಾರಿದವರು. 1960ರಲ್ಲಿ ನ್ಯಾಯಾಧೀಶ ಹೆನ್ರಿ ಫ್ರೆಂಡ್ಲಿ ತೀರ್ಪು ಶುರು ಮಾಡಿದ್ದೇ 'ಪ್ರಶ್ನೆ ಏನೆಂದರೆ, ಚಿಕನ್ ಎಂದರೇನು?' ಅಂತ. ನಿಘಂಟು, ಸರ್ಕಾರಿ ನಿಯಮ, ವ್ಯಾಪಾರದ ರೂಢಿ ಎಲ್ಲವನ್ನೂ ಜಾಲಾಡಿದರು. ಕಿರಿದಾದ ಅರ್ಥದಲ್ಲೇ ಒಪ್ಪಂದವಾಗಿತ್ತು ಅಂತ ಕೊಂಡವರು ಸಾಬೀತು ಮಾಡಲಿಲ್ಲ. ಸೋತರು.

ಎರಡನೆಯದು 'ಯೂಸ್'. ಮಾದಕವಸ್ತು ಅಪರಾಧದಲ್ಲಿ ಬಂದೂಕು 'ಯೂಸ್' ಮಾಡಿದರೆ ಹೆಚ್ಚುವರಿ ಶಿಕ್ಷೆ ಅಂತ ಅಮೆರಿಕದಲ್ಲಿ ಕಾನೂನು. ಒಬ್ಬ ಬಂದೂಕನ್ನು ಹಾರಿಸಲಿಲ್ಲ, ತೋರಿಸಿ ಹೆದರಿಸಲೂ ಇಲ್ಲ. ಅದನ್ನೇ ಕೊಟ್ಟು ಕೊಕೇನ್ ಪಡೆಯಲು ನೋಡಿದ. ಇದು ಬಂದೂಕಿನ ಬಳಕೆಯೇ? 1993ರಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ಹೌದು ಅಂದಿತು. ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ಒಪ್ಪಲಿಲ್ಲ. ನೀವು ಊರುಗೋಲು ಬಳಸುತ್ತೀರಾ ಅಂತ ಕೇಳಿದರೆ, ಅಜ್ಜನ ಬೆಳ್ಳಿ ಹಿಡಿಯ ಕೋಲನ್ನು ಹಜಾರದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದೀರಾ ಅಂತ ಕೇಳಿದಂತಲ್ಲ, ಅದನ್ನು ಊರಿಕೊಂಡು ನಡೆಯುತ್ತೀರಾ ಅಂತ ಕೇಳಿದಂತೆ ಎಂದು ವಾದಿಸಿದರು. ನನಗೆ ಸ್ಕಾಲಿಯಾ ಹೇಳಿದ್ದೇ ಸರಿ ಅನ್ನಿಸುತ್ತದೆ. 2007ರಲ್ಲಿ ಉಲ್ಟಾ ಪ್ರಕರಣ ಬಂತು: ಮಾದಕವಸ್ತು ಕೊಟ್ಟು ಬಂದೂಕು ಪಡೆದವನು. ಅವನು 'ಯೂಸ್' ಮಾಡಿದಂತಾಗುವುದಿಲ್ಲ ಅಂತ ಅದೇ ಕೋರ್ಟು ಹೇಳಿತು. ಅಂದರೆ ಕೊಟ್ಟವನು ಬಳಸಿದ, ತಗೊಂಡವನು ಬಳಸಲಿಲ್ಲ.

ಪತ್ರಿಕೆಯ ಶೀರ್ಷಿಕೆ ಒಮ್ಮೊಮ್ಮೆ ಅರ್ಥವೇ ಆಗುವುದಿಲ್ಲ, ಯಾಕೆ?

ಜಾಗ ಉಳಿಸಲು ಸಣ್ಣಪುಟ್ಟ ಪದಗಳನ್ನು ತೆಗೆದುಬಿಡುತ್ತಾರೆ. ಯಾವುದು ನಾಮಪದ, ಯಾವುದು ಕ್ರಿಯಾಪದ ಅಂತ ತೋರಿಸುತ್ತಿದ್ದದ್ದೇ ಆ ಪದಗಳು. 2009ರಲ್ಲಿ ಜಪಾನಿನ ಒಂದು ಇಂಗ್ಲಿಷ್ ಸುದ್ದಿತಾಣದಲ್ಲಿ ಬಂದ ಶೀರ್ಷಿಕೆ ಹೀಗಿತ್ತು: 'ವಯೊಲಿನಿಸ್ಟ್ ಲಿಂಕ್ಡ್ ಟು ಜೆಎಎಲ್ ಕ್ರ್ಯಾಶ್ ಬ್ಲಾಸಮ್ಸ್'. 1985ರ ಜಪಾನ್ ಏರ್‌ಲೈನ್ಸ್ (ಜೆಎಎಲ್) ವಿಮಾನ ದುರಂತದಲ್ಲಿ ತಂದೆಯನ್ನು ಕಳೆದುಕೊಂಡ ಪಿಟೀಲು ವಾದಕಿ ಕಲಾವಿದೆಯಾಗಿ ಅರಳುತ್ತಿದ್ದಾರೆ ಅನ್ನುವುದು ಸುದ್ದಿ. 'ಬ್ಲಾಸಮ್ಸ್' ಇಲ್ಲಿ ಕ್ರಿಯಾಪದ. ಓದಿದವರಿಗೆ ಮಾತ್ರ 'ಕ್ರ್ಯಾಶ್ ಬ್ಲಾಸಮ್ಸ್' ಅಂತ ಅದ್ಯಾವುದೋ ಹೂವಿರಬೇಕು ಅನ್ನಿಸಿತು. ಅಂದಿನಿಂದ ಇಂಥ ಶೀರ್ಷಿಕೆಗಳಿಗೆ ಅದೇ ಹೆಸರು ನಿಂತಿದೆ.

ಕಂಪ್ಯೂಟರ್ ಸರಿಯಾದ ಅರ್ಥ ಹೇಗೆ ಹಿಡಿಯುತ್ತದೆ?

ಅಕ್ಕಪಕ್ಕದ ಪದ ನೋಡಿ. ಅಮೆರಿಕದ ಗಣಿತಜ್ಞ ವಾರೆನ್ ವೀವರ್ 1949ರಲ್ಲೇ ಇದನ್ನು ಹೇಳಿದ್ದರು. ಒಂದು ಪದ ಮಾತ್ರ ಕಾಣುವಂತೆ ತೂತು ಮಾಡಿದ ಹಾಳೆಯನ್ನು ಪುಟದ ಮೇಲೆ ಇಟ್ಟರೆ ಆ ಪದದ ಅರ್ಥ ಹೇಳಲಾಗದು. ತೂತನ್ನು ಎರಡೂ ಬದಿಗೆ ಅಗಲ ಮಾಡುತ್ತ ಹೋದರೆ, ಒಂದು ಹಂತದಲ್ಲಿ ತಿಳಿದೇ ತಿಳಿಯುತ್ತದೆ.

ಇದು ಸಾಲದು ಅಂದವರು ಇಸ್ರೇಲಿನ ಭಾಷಾತಜ್ಞ ಯೆಹೋಶುವಾ ಬಾರ್-ಹಿಲ್ಲೆಲ್. 1960ರಲ್ಲಿ ಅವರು ಕೊಟ್ಟ ಉದಾಹರಣೆ: ಪುಟ್ಟ ಜಾನ್ ತನ್ನ ಆಟಿಕೆ ಪೆಟ್ಟಿಗೆ ಹುಡುಕುತ್ತಿದ್ದ. ಕೊನೆಗೂ ಸಿಕ್ಕಿತು. 'ದ ಬಾಕ್ಸ್ ವಾಸ್ ಇನ್ ದ ಪೆನ್.' 'ಪೆನ್' ಅಂದರೆ ಬರೆಯುವ ಪೆನ್ನು, ಮಗುವನ್ನು ಆಡಲು ಬಿಡುವ ಕಟಕಟೆಯೂ ಹೌದು. ಪೆನ್ನಿನೊಳಗೆ ಪೆಟ್ಟಿಗೆ ಹಿಡಿಸುವುದಿಲ್ಲ ಅನ್ನುವುದು ನಮಗೆ ಗೊತ್ತು. ಆ ಲೋಕಜ್ಞಾನ ಯಂತ್ರಕ್ಕೆ ಎಲ್ಲಿಂದ ಬರಬೇಕು ಅಂತ ಅವರ ಪ್ರಶ್ನೆ. ಈಗಿನ ಭಾಷಾ ಮಾದರಿಗಳು ರಾಶಿ ರಾಶಿ ಪಠ್ಯ ಓದಿ ಇಂಥವನ್ನು ಬಹುತೇಕ ಸರಿಯಾಗಿಯೇ ಬಿಡಿಸುತ್ತವೆ. ಸಂದರ್ಭವೇ ಇಲ್ಲದ ಒಂಟಿ ಪದ ಕೊಟ್ಟರೆ ಮಾತ್ರ ಅವೂ ಎಡವುತ್ತವೆ. ಆ್ಯಪ್‌ಗಳ ಗುಂಡಿಗಳಲ್ಲಿ ವಿಚಿತ್ರ ಅನುವಾದ ಕಾಣುವುದು ಇದಕ್ಕೇ.

ನಿಘಂಟಿನಲ್ಲಿ ಮೊದಲು ಇರುವ ಅರ್ಥವೇ ಮುಖ್ಯವಾದದ್ದಾ?

ಅಲ್ಲ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಮತ್ತು ಮೆರಿಯಮ್-ವೆಬ್‌ಸ್ಟರ್ ಹಳೆಯ ಅರ್ಥವನ್ನು ಮೊದಲು ಕೊಡುತ್ತವೆ. ಕಲಿಯುವವರ ನಿಘಂಟುಗಳು ಸಾಮಾನ್ಯವಾಗಿ ಹೆಚ್ಚು ಬಳಕೆಯ ಅರ್ಥವನ್ನು ಮೊದಲು ಹಾಕುತ್ತವೆ. ಹಳೆಯ ಅರ್ಥ ಎಷ್ಟು ದೂರ ಹೋಗಿರುತ್ತದೆ ಅಂದರೆ, 'ನೈಸ್' ಇಂಗ್ಲಿಷಿಗೆ ಬಂದಾಗ ಅದರ ಅರ್ಥ ದಡ್ಡ. 'ಗರ್ಲ್' ಅಂದರೆ ಗಂಡಾಗಲಿ ಹೆಣ್ಣಾಗಲಿ ಮಗು. 'ಡೀರ್' ಅಂದರೆ ಯಾವುದೇ ಪ್ರಾಣಿ.

ಸರಿ, ಇಷ್ಟೊಂದು ಅರ್ಥಗಳನ್ನು ಕಲಿಯುವುದು ಹೇಗೆ?

ಪಟ್ಟಿ ಬಾಯಿಪಾಠ ಮಾಡಬೇಡಿ, ಪ್ರಯೋಜನ ಇಲ್ಲ. ಎರಡು ಕೆಲಸ ಮಾಡಿ. ಒಂದು, ಅರ್ಥಗಳ ಕೆಳಗೆ ಹರಿಯುವ ಮೂಲ ಭಾವ ಹುಡುಕಿ. ಇನ್ನೊಂದು, ಪದದ ಜೊತೆಗಾರರನ್ನು ನೋಡಿ. ಪದದ ಪರಿಚಯ ಆಗುವುದು ಅದರ ಸಹವಾಸದಿಂದ ಅಂತ ಭಾಷಾತಜ್ಞ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದು ಇವತ್ತಿಗೂ ಸರಿ.

'ಚಾರ್ಜ್' ತೆಗೆದುಕೊಳ್ಳಿ. ಮೂಲ ಲ್ಯಾಟಿನ್‌ನಲ್ಲಿ ಗಾಡಿಗೆ ಹೊರೆ ಹೇರು ಅಂತ. ಆ ಹೊರೆಯನ್ನು ಕೈಯಲ್ಲಿ ಹಿಡಿದು ನಡೆಯಿರಿ. ಬ್ಯಾಟರಿಗೆ ವಿದ್ಯುತ್ ಹೇರಿದರೆ 'ಚಾರ್ಜ್'. ಗಿರಾಕಿಯ ಮೇಲೆ ಹಣದ ಹೊರೆ ಹಾಕಿದರೆ 'ಚಾರ್ಜ್'. ಪೊಲೀಸರು ಆರೋಪ ಹೊರಿಸಿದರೆ 'ಚಾರ್ಜ್'. ಹೊಣೆ ಹೊತ್ತವನು 'ಇನ್ ಚಾರ್ಜ್'. ಗೂಳಿ ನುಗ್ಗಿ ಬರುವ 'ಚಾರ್ಜ್' ಒಂದು ಮಾತ್ರ ಸ್ವಲ್ಪ ದೂರದ ನೆಂಟ. ಈಗ ಜೊತೆಗಾರರು: 'ವಿತ್ ಮರ್ಡರ್' ಬಂದರೆ ಆರೋಪ, 'ಎಕ್ಸ್‌ಟ್ರಾ' ಬಂದರೆ ಹಣ, 'ಅಟ್' ಬಂದರೆ ನುಗ್ಗುವುದು, 'ಆಫ್' (of) ಬಂದರೆ ಬಹುಶಃ ಹೊಣೆ. ಹೊಸ ಅರ್ಥ ಎದುರಾದಾಗ ಪದವನ್ನಷ್ಟೇ ಬರೆದುಕೊಳ್ಳಬೇಡಿ, ಇಡೀ ವಾಕ್ಯ ಬರೆದುಕೊಳ್ಳಿ.

ಎಲ್ಲ ಪದಗಳಿಗೂ ಮೂಲ ಭಾವ ಸಿಗುವುದಿಲ್ಲ. 'ಬ್ಯಾಂಕ್' ಥರದ ಕಡೆ ಹುಡುಕಿ ಸುಸ್ತಾಗಬೇಡಿ. ಎರಡು ಪದ ಅಂತ ಒಪ್ಪಿಕೊಂಡು ಮುಂದೆ ಹೋಗಿ.

ಕನ್ನಡದಲ್ಲಿ ಇಂಥ ಪದಗಳಿಲ್ವಾ?

'ಹೊಡೆ' ಇದೆಯಲ್ಲ! ಚೆಂಡು ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ. ಗಂಟೆ ಹೊಡೆಯುತ್ತದೆ, ವಾಸನೆ ಹೊಡೆಯುತ್ತದೆ, ಅದೃಷ್ಟ ಇದ್ದರೆ ಲಾಟರಿ ಹೊಡೆಯುತ್ತದೆ. 'ಹತ್ತು' ಸಂಖ್ಯೆಯೂ ಹೌದು, ಮರ ಹತ್ತುವುದೂ ಹೌದು. ಕನ್ನಡ ಕಲಿಯುವವರು ನಮಗೂ ಇದೇ ಪ್ರಶ್ನೆ ಕೇಳುತ್ತಾರೆ.

ಬಹುವಚನ ಮಾಡಿದರೆ ಅರ್ಥವೇ ಬದಲಾಗುವ ಪದಗಳಿವೆಯಂತೆ?

ಇವೆ. 'ಗ್ಲಾಸ್' ಗಾಜು, 'ಗ್ಲಾಸಸ್' ಕನ್ನಡಕವೂ ಆಗುತ್ತದೆ. 'ಆರ್ಮ್' ತೋಳು, 'ಆರ್ಮ್ಸ್' ಆಯುಧಗಳೂ ಹೌದು. 'ಕಸ್ಟಮ್' ರೂಢಿ, 'ಕಸ್ಟಮ್ಸ್' ಸುಂಕದ ಇಲಾಖೆ. 'ಗುಡ್' ಒಳ್ಳೆಯದು, 'ಗುಡ್ಸ್' ಸರಕು. 'ಮ್ಯಾನರ್' ರೀತಿ, 'ಮ್ಯಾನರ್ಸ್' ಸಭ್ಯತೆ. ಇವುಗಳಲ್ಲಿ ಕೆಲವಕ್ಕೆ ಮಾಮೂಲಿ ಬಹುವಚನದ ಅರ್ಥವೂ ಉಳಿದಿದೆ. 'ಟೂ ಗ್ಲಾಸಸ್' ಅಂದರೆ ಎರಡು ಲೋಟವೇ, ಎರಡು ಕನ್ನಡಕ ಬೇಕಾದರೆ 'ಟೂ ಪೇರ್ಸ್ ಆಫ್ ಗ್ಲಾಸಸ್' ಅನ್ನಬೇಕು.